ಗಂಗಾಮೂಲದ ಮಗು: ಪಂಡಿತಾ ರಮಾಬಾಯಿಯವರ ಎಂಟು ವರ್ಷಗಳ ದಾರಿ



1994ನೆಯ ಇಸವಿಯ ನಮ್ಮ ಶಾಲಾ ಪ್ರವಾಸ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಾರ್ಕಳದಿಂದ ಬೆಳಗ್ಗೆ ಬೇಗನೆ ಹೊರಟು, ಮಾಳದ ಘಾಟಿ ಹತ್ತಿ, ಕುದುರೆಮುಖದ ದಾರಿಯಲ್ಲಿ ಗಂಗಾಮೂಲದ ಬಳಿ ಬಸ್ಸು ನಿಲ್ಲಿಸಿದ್ದೆವು. ಮಂಜು ಕವಿದಿತ್ತು. ಅರ್ಧದಷ್ಟು ಹುಡುಗಿಯರಿಗೆ ಘಾಟಿಯ ತಿರುವುಗಳಿಂದ ವಾಂತಿಯಾಗಿ ಮುಖ ಬಾಡಿತ್ತು. ಆದರೂ ನಾನು ಬಿಡಲಿಲ್ಲ. ಎಲ್ಲರನ್ನೂ ಇಳಿಸಿ, ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳೂ ಈ ವರಾಹ ಪರ್ವತದ ಸೀಮೆಯಲ್ಲೇ ಹುಟ್ಟುತ್ತವೆ, ಎರಡು ಪೂರ್ವಕ್ಕೆ ಹೋಗುತ್ತವೆ, ಒಂದು ನಮ್ಮ ಕಡೆಗೆ ಇಳಿದು ಮಂಗಳೂರಿನ ಬಳಿ ಕಡಲು ಸೇರುತ್ತದೆ ಎಂದು ಪಾಠ ಮಾಡಿದೆ. ನೀವು ಚಳಿಗೆ ನಡುಗುತ್ತಾ ಕೇಳಿದಿರಿ.

ಅಂದು ಹೇಳಬೇಕಾಗಿದ್ದ ಇನ್ನೊಂದು ಸಂಗತಿಯನ್ನು ನಾನು ಹೇಳಲಿಲ್ಲ. ಏಕೆಂದರೆ ಇತಿಹಾಸದ ಅಧ್ಯಾಪಕಿಯಾಗಿದ್ದರೂ ನನಗೇ ಅದು ಗೊತ್ತಿರಲಿಲ್ಲ. ಆ ಕಾಡಿನಲ್ಲಿ ನದಿಗಳ ಜೊತೆಗೆ ಒಂದು ಮಗುವೂ ಹುಟ್ಟಿತ್ತು. 1858ರ ಏಪ್ರಿಲ್ 23ರಂದು ಹುಟ್ಟಿದ ಆ ಮಗುವೇ ಮುಂದೆ ಪಂಡಿತಾ ರಮಾಬಾಯಿ ಸರಸ್ವತಿ ಎಂದು ಹೆಸರಾಯಿತು. ಸಮಾಜ ಸುಧಾರಣೆಯ ಪಾಠ ಬಂದಾಗ ನಾನು ಅವರ ಹೆಸರನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದೆ. 'ಶಾರದಾ ಸದನ ಸ್ಥಾಪಿಸಿದವರು ಯಾರು?' ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಅವರು ನಿಮ್ಮ ನೋಟುಪುಸ್ತಕದಲ್ಲಿ ಉಳಿದರು. ಆ ಬಾಕಿಯನ್ನು ಇಂದು ತೀರಿಸಲು ಯತ್ನಿಸುತ್ತಿದ್ದೇನೆ.

ಆರಂಭದಲ್ಲೇ ಒಂದು ಮಾತು. ನನ್ನ ತರಗತಿಯಲ್ಲಿ ಎಲ್ಲ ಮತದ ಮಕ್ಕಳೂ ಕುಳಿತಿದ್ದೀರಿ. ಇದನ್ನು ಓದುವವರೂ ಹಾಗೆಯೇ ಇದ್ದೀರಿ. ನಾನು ಹುಟ್ಟಿನಿಂದ ಕ್ರೈಸ್ತಳು. ಈ ಬರಹದ ನಡುವೆ ಕ್ರಿಸ್ತನ ಮೇಲಿನ ನಂಬಿಕೆಯ ವಿಚಾರ ಬರುವುದು ಅನಿವಾರ್ಯ, ರಮಾಬಾಯಿಯವರ ಬದುಕಿನ ತಿರುಳೇ ಅದು. ಯಾರನ್ನೂ ಯಾವ ಕಡೆಗೂ ಎಳೆಯುವ ಉದ್ದೇಶ ನನ್ನದಲ್ಲ. ಹಾಗೆ ನೋಡಿದರೆ, ಈ ಕಥೆ ಹೆಚ್ಚಾಗಿ ತಟ್ಟಬೇಕಾದದ್ದು ನನ್ನಂಥ ಹುಟ್ಟು ಕ್ರೈಸ್ತರಿಗೇ.

ಮಾಳದ ಶಾಸ್ತ್ರಿಗಳು

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಮಾಳದ ಚಿತ್ಪಾವನ ಬ್ರಾಹ್ಮಣ ಕುಟುಂಬದವರು. ಸಂಸ್ಕೃತ ಕಲಿಯಲು ಪುಣೆಗೆ ಹೋಗಿದ್ದರು. ಅವರ ಗುರುಗಳಾದ ರಾಮಚಂದ್ರ ಶಾಸ್ತ್ರಿಗಳು ಪೇಶ್ವೆಯ ಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಒಬ್ಬ ಹೆಣ್ಣುಮಗಳು ಸಂಸ್ಕೃತ ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕೇಳಿ ಆ ತರುಣನಿಗೆ ಬೆರಗಾಯಿತು. ತನ್ನ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿ ಊರಿಗೆ ಮರಳಿದರು. ಮನೆಯ ಹಿರಿಯರು ಒಪ್ಪಲಿಲ್ಲ. ಪ್ರಯತ್ನ ಅಲ್ಲಿಗೇ ನಿಂತಿತು.

ಆ ಹೆಂಡತಿ ತೀರಿಕೊಂಡ ಮೇಲೆ, ತೀರ್ಥಯಾತ್ರೆಗೆ ಹೋಗಿದ್ದಾಗ ಗೋದಾವರಿಯ ತೀರದಲ್ಲಿ ಅವರಿಗೆ ಎರಡನೆಯ ವಿವಾಹವಾಯಿತು. ವಧು ಲಕ್ಷ್ಮೀಬಾಯಿಗೆ ಒಂಬತ್ತು ವರ್ಷ. ಈ ಸಲ ಶಾಸ್ತ್ರಿಗಳು ಹಿಂಜರಿಯಲಿಲ್ಲ. ಹೆಣ್ಣಿಗೆ ಸಂಸ್ಕೃತ ಕಲಿಸುವುದು ಅಧರ್ಮವೆಂಬ ಆಕ್ಷೇಪ ಎದ್ದಾಗ ಶಾಸ್ತ್ರಗ್ರಂಥಗಳಿಂದಲೇ ಆಧಾರಗಳನ್ನು ಸಂಗ್ರಹಿಸಿ ಉಡುಪಿಯಲ್ಲಿ ವಿದ್ವಾಂಸರ ಮುಂದೆ ತಮ್ಮ ಪಕ್ಷವನ್ನು ಮಂಡಿಸಿದರು. ನಂತರ ಊರ ಮಾತುಗಳಿಂದ ದೂರವಾಗಿ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಅಲ್ಲಿ ಶಿಷ್ಯರಿಗೆ ಪಾಠ ನಡೆಯಿತು, ಹೆಂಡತಿಗೂ ನಡೆಯಿತು.

ರಮಾಬಾಯಿ ಹುಟ್ಟಿದ್ದು ಆ ಮನೆಯಲ್ಲಿ. ಆದರೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ಆ ಮನೆಯನ್ನು ಬಿಟ್ಟು ತೀರ್ಥಾಟನೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿದರು. ಮುಂದೆ ಹದಿನಾರು ವರ್ಷ ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ, ಬಂದ ಕಾಣಿಕೆಯಲ್ಲಿ ಜೀವಿಸುತ್ತಾ ನಡೆದ ಸಂಸಾರ ಅದು. ಮನೆಯೆಂಬುದಿಲ್ಲದ ಆ ಬದುಕಿನಲ್ಲಿ ಶಾಲೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ತಾಯಿ ಲಕ್ಷ್ಮೀಬಾಯಿ ಬೆಳಗಿನ ಜಾವವೇ ಮಗಳನ್ನು ಎಬ್ಬಿಸಿ, ಮನೆಗೆಲಸ ಆರಂಭವಾಗುವ ಮುನ್ನ ಸಂಸ್ಕೃತ ಹೇಳಿಕೊಡುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಗೆ ಬಾಯಿಪಾಠವಾಗಿದ್ದವೆಂದು ಅವರ ಚರಿತ್ರೆಗಳು ಹೇಳುತ್ತವೆ. ಮರಾಠಿ ಮನೆಮಾತು, ಕನ್ನಡ, ಹಿಂದೂಸ್ತಾನಿ, ಬಂಗಾಳಿ ದಾರಿಯಲ್ಲಿ ಕಿವಿಗೆ ಬಿದ್ದು ಕಲಿತ ಭಾಷೆಗಳು.

ಬಿ.ಎಡ್. ಓದುವಾಗ ನಾವು ಬೋಧನಾ ವಿಧಾನಗಳ ಬಗ್ಗೆ ದಪ್ಪ ಪುಸ್ತಕಗಳನ್ನು ಓದಿದೆವು. ಕರಿಹಲಗೆಯೂ ಇಲ್ಲದೆ, ಛಾವಣಿಯೂ ಇಲ್ಲದೆ, ಮರದ ಕೆಳಗೆ ನಿದ್ದೆಗಣ್ಣಿನ ಮಗುವಿಗೆ ಪಾಠ ಹೇಳಿದ ಈ ತಾಯಿಯ ಹೆಸರು ಆ ಪುಸ್ತಕಗಳಲ್ಲಿ ಇರಲಿಲ್ಲ.

ಹಸಿವಿನ ಮುಂದೆ ನಂಬಿಕೆ

1874ರ ಬಳಿಕ ಮದ್ರಾಸ್ ಪ್ರಾಂತ್ಯದಲ್ಲಿ ಬರದ ವರ್ಷಗಳು ಬಂದವು. ಶಾಸ್ತ್ರಿಗಳು ಇದ್ದ ಹಣವನ್ನೆಲ್ಲ ದಾನಧರ್ಮಗಳಿಗೆ, ಪೂಜೆಗಳಿಗೆ ವ್ಯಯಿಸಿದ್ದರು. ಕೂಲಿ ಕೆಲಸ ಮಾಡಿ ಗೊತ್ತಿರಲಿಲ್ಲ, ಭಿಕ್ಷೆ ಬೇಡಲು ಮನಸ್ಸು ಒಪ್ಪಲಿಲ್ಲ. ಎಲೆಗಳನ್ನು ತಿಂದು ದಿನ ದೂಡಿದರು. ತಂದೆ ತೀರಿಕೊಂಡರು. ಸಾಯುವ ಮುನ್ನ ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಜೀವಮಾನವಿಡೀ ಅವನನ್ನೇ ಸೇವಿಸು ಎಂಬ ಅರ್ಥದ ಮಾತು ಹೇಳಿದರು. ಅದಾದ ಕೆಲವೇ ತಿಂಗಳಲ್ಲಿ ತಾಯಿ, ಬಳಿಕ ಅಕ್ಕ ಕೃಷ್ಣಾಬಾಯಿ. ತಾಯಿಯ ಶವಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗಲಿಲ್ಲ. ಗಿಡ್ಡ ದೇಹದ ಮಗಳು ಚಟ್ಟದ ಒಂದು ಮೂಲೆಯನ್ನು ತಲೆಯ ಮೇಲೆ ಹೊತ್ತಳು.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ತಿರುಗಿದರು. 1878ರಲ್ಲಿ ಕಲ್ಕತ್ತೆಯನ್ನು ತಲುಪುವಾಗ ರಮಾಬಾಯಿಗೆ ಇಪ್ಪತ್ತು ವರ್ಷ. ಅಲ್ಲಿನ ಪಂಡಿತರು ಅವರನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತರು. ಹೊರಗೆ ಹೀಗೆ ಕೀರ್ತಿ ಏರುತ್ತಿದ್ದಾಗ ಒಳಗೆ ನಂಬಿಕೆ ಕುಸಿಯುತ್ತಿತ್ತು. ವ್ರತ, ಉಪವಾಸ, ದಾನ ಎಲ್ಲವನ್ನೂ ಪಾಲಿಸಿದ ತಂದೆತಾಯಿ ಹಸಿವಿನಿಂದ ಸತ್ತರಲ್ಲ ಎಂಬ ಪ್ರಶ್ನೆ ಒಂದು. ಧರ್ಮಶಾಸ್ತ್ರಗಳನ್ನು ತಾವೇ ಓದಿದಾಗ ಹೆಣ್ಣಿನ ಬಗ್ಗೆ, ಶೂದ್ರರ ಬಗ್ಗೆ ಕಂಡ ಮಾತುಗಳು ಎಬ್ಬಿಸಿದ ಪ್ರಶ್ನೆ ಇನ್ನೊಂದು.

1880ರಲ್ಲಿ ಢಾಕಾದಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ರಮಾಬಾಯಿ ವಿವಾಹವಾದರು. ಜಾತಿ ಬೇರೆ, ಪ್ರಾಂತ್ಯ ಬೇರೆ. ಮದುವೆ ಕಾನೂನಿನ ಪ್ರಕಾರ ನೋಂದಣಿಯಾಯಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ರೋಗದಿಂದ ಗಂಡ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮುನ್ನ ಈ ಹೆಣ್ಣುಮಗಳು ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಐವರನ್ನೂ ಕಳೆದುಕೊಂಡಿದ್ದರು. ಕಂಕುಳಲ್ಲಿ ವರ್ಷ ತುಂಬದ ಕೂಸು.

ಸಿಲ್ಚಾರಿನಲ್ಲಿದ್ದಾಗ ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಒಂದು ಪುಟ್ಟ ಪ್ರತಿ ಸಿಕ್ಕಿತ್ತು. ಅದು ಮೊದಲ ಪರಿಚಯ, ಅಷ್ಟೇ.

ಬುದ್ಧಿ ಒಪ್ಪಿತು, ಹೃದಯ ಒಪ್ಪಬೇಕಾಗಿತ್ತು

1882ರಲ್ಲಿ ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನೀಡಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಖರ್ಚಿಗೆ 'ಸ್ತ್ರೀ ಧರ್ಮ ನೀತಿ' ಎಂಬ ತಮ್ಮ ಮರಾಠಿ ಪುಸ್ತಕದ ಹಣ ಒದಗಿತು. ಹೊರಡುವಾಗ, ಏನೇ ಆದರೂ ತಾನು ಕ್ರೈಸ್ತಳಾಗುವುದಿಲ್ಲ ಎಂದು ಹೇಳಿಯೇ ಹೊರಟವರು ಅವರು.

ವಾಂಟೇಜ್ ಎಂಬ ಊರಿನ ಕನ್ಯಾಮಠದಲ್ಲಿ ವಾಸ. ಮೊದಲ ವರ್ಷವೇ ಎರಡು ಪೆಟ್ಟುಗಳು ಬಿದ್ದವು. ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಆತ್ಮಹತ್ಯೆ ಮಾಡಿಕೊಂಡರು. ಎರಡನೆಯದು ಶ್ರವಣದೋಷ. ಕಿವಿ ಸರಿಯಾಗಿ ಕೇಳಿಸದ ಕಾರಣ ವೈದ್ಯಶಿಕ್ಷಣದ ಬಾಗಿಲು ಅವರಿಗೆ ಮುಚ್ಚಿತು. ಯಾವ ಉದ್ದೇಶಕ್ಕಾಗಿ ಕಡಲು ದಾಟಿದ್ದರೋ ಆ ಉದ್ದೇಶವೇ ಇಲ್ಲವಾಯಿತು.

ಅದೇ ಕಾಲದಲ್ಲಿ ಲಂಡನ್ನಿನ ಫುಲ್ಹಾಮಿನಲ್ಲಿ, ಸಮಾಜವು ಪತಿತೆಯರೆಂದು ದೂರವಿಟ್ಟ ಹೆಂಗಸರನ್ನು ಕನ್ಯಾಸ್ತ್ರೀಯರು ಸಲಹುತ್ತಿದ್ದುದನ್ನು ಅವರು ನೋಡಿದರು. ಇಂಥವರ ಮೇಲೆ ನಿಮಗೇಕೆ ಇಷ್ಟು ಕರುಣೆ ಎಂಬ ಅವರ ಪ್ರಶ್ನೆಗೆ ಕನ್ಯಾಸ್ತ್ರೀಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ, ಬಾವಿಯ ಬಳಿಯ ಸಮಾರ್ಯ ಸ್ತ್ರೀಯ ಕಥೆಯನ್ನು ಓದಿ ತೋರಿಸಿದರು. ಚಿತ್ಪಾವನ ಪಂಡಿತರೇ ಆಗಿದ್ದು ಕ್ರೈಸ್ತರಾಗಿದ್ದ ನೆಹೆಮಾಯ ಗೋರೆಯವರ ಬರಹ ಅವರ ತರ್ಕದ ಸಂಶಯಗಳಿಗೆ ಉತ್ತರ ಕೊಟ್ಟಿತು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ, ಮನೋರಮಾ ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಭಾನುವಾರ ಶಾಲೆಯಲ್ಲಿ ನಾವು ಕೇಳಿದ ಕಥೆಗಳೆಲ್ಲ ದೀಕ್ಷಾಸ್ನಾನದ ತೊಟ್ಟಿಯ ಬಳಿ ಮುಗಿದವು. ರಮಾಬಾಯಿಯವರದು ಮುಗಿಯಲಿಲ್ಲ. ದೀಕ್ಷಾಸ್ನಾನದ ಬಳಿಕವೂ ಅವರು ತಮಗೆ ದೀಕ್ಷೆ ಕೊಟ್ಟವರೊಂದಿಗೇ ವಾದಿಸುತ್ತಿದ್ದರು. ಸಭೆಯ ಸಿದ್ಧಾಂತಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ತಮ್ಮ ಮಾರ್ಗದರ್ಶಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಬರೆದ ಪತ್ರಗಳಲ್ಲಿ, ಒಂದು ಪುರೋಹಿತಶಾಹಿಯ ನೊಗವನ್ನು ಕಿತ್ತೆಸೆದು ಬಂದವಳು ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ಭಾವವನ್ನು ಖಡಾಖಂಡಿತವಾಗಿ ತಿಳಿಸಿದರು. ಆ ಸ್ವಾತಂತ್ರ್ಯಬುದ್ಧಿ ಅವರ ಬಲವಾಗಿತ್ತು. ಆದರೆ ತರ್ಕ ಗೆದ್ದ ಮಾತ್ರಕ್ಕೆ ಮನಸ್ಸಿಗೆ ನೆಮ್ಮದಿ ಬರಲಿಲ್ಲ. ಅದನ್ನು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯ ಪದವಿ ಪ್ರದಾನ ಸಮಾರಂಭಕ್ಕಾಗಿ ಅಮೆರಿಕಕ್ಕೆ ಹೋದರು. ಮರುವರ್ಷ ಇಂಗ್ಲಿಷಿನಲ್ಲಿ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪ್ರಕಟಿಸಿದರು. ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಯಾಗಿ ಹತ್ತು ವರ್ಷಗಳ ಧನಸಹಾಯದ ಭರವಸೆ ದೊರೆಯಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಬಾಲವಿಧವೆ ಗೋದೂಬಾಯಿ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು.

ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಆಗ, 1891ರ ಸುಮಾರಿಗೆ, ಅವರ ಕೈಗೆ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಬಂತು. ಅನೇಕ ವರ್ಷ ಪಾದ್ರಿಯಾಗಿ ಸೇವೆ ಮಾಡಿದ ಮೇಲೆ, 1851ರಲ್ಲಿ ಒಂದು ದಿನ ತನ್ನದೇ ಪೀಠದಲ್ಲಿ ನಿಂತು ಪ್ರಸಂಗ ಮಾಡುವಾಗ, ತಾನು ಬೋಧಿಸುತ್ತಿರುವುದು ತನ್ನೊಳಗೇ ಇನ್ನೂ ನಡೆದಿಲ್ಲವೆಂದು ಆ ಮನುಷ್ಯನಿಗೆ ಹೊಳೆದಿತ್ತು. ಅದನ್ನು ಓದುತ್ತಾ ರಮಾಬಾಯಿ ತಮ್ಮ ಮುಖವನ್ನೇ ಕನ್ನಡಿಯಲ್ಲಿ ಕಂಡರು. ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇನೆ, ಅದರ ಪರವಾಗಿ ವಾದಿಸಬಲ್ಲೆ. ಆದರೆ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲ. 1907ರಲ್ಲಿ ಬರೆದ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಅವರು ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ದೀಕ್ಷಾಸ್ನಾನಕ್ಕೂ ಈ ಅರಿವಿಗೂ ನಡುವೆ ಎಂಟು ವರ್ಷಗಳು ಸಂದಿದ್ದವು. ಲೋಕವೇ ಪಂಡಿತೆಯೆಂದು ಕೊಂಡಾಡುತ್ತಿದ್ದ ಸ್ತ್ರೀ, ತನ್ನ ಪಾಂಡಿತ್ಯದಿಂದ ಇದು ಸಿಗುವುದಿಲ್ಲವೆಂದು ಒಪ್ಪಿ ಮೊಣಕಾಲೂರಿದರು. ತಾನು ಯೋಗ್ಯಳಾಗುವ ತನಕ ಕಾಯಬೇಕಿಲ್ಲ, ಇದ್ದ ಹಾಗೆಯೇ ಬಂದು ಕ್ಷಮೆಯನ್ನು ದಾನವಾಗಿ ಪಡೆಯಬಹುದು ಎಂಬ ನಂಬಿಕೆ ಅವರಲ್ಲಿ ಅಂದು ಬೇರೂರಿತು.

ನನ್ನ ಮಾತು ಸ್ವಲ್ಪ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಪುಟಗಳನ್ನು ಮೊದಲ ಬಾರಿಗೆ ಓದಿದಾಗ ನಾನೂ ಹೀಗೆಯೇ ನಿಂತಿದ್ದೆ.

ನಿಮ್ಮಲ್ಲಿ ಕೊನೆಯ ತಂಡಗಳವರಿಗೆ ಗೊತ್ತಿರಬಹುದು, ಹಿಂದಿನವರಿಗೆ ಗೊತ್ತಿರಲಾರದು. 2012ರ ಸುಮಾರಿಗೆ ನನ್ನ ಕಿವಿ ಮಂದವಾಗತೊಡಗಿತು. ಮೊದಲು ಹಿಂದಿನ ಬೆಂಚಿನವರ ಮಾತು ಕೇಳಿಸದಾಯಿತು, ಬಳಿಕ ಮುಂದಿನವರದೂ. ಯಾರಿಗೂ ಹೇಳಲಿಲ್ಲ. ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ ನಾನೇ ಮಾತನಾಡುವುದನ್ನು ಹೆಚ್ಚು ಮಾಡಿದೆ. ಕಿವಿಯಂತ್ರ ಹಾಕಿಕೊಂಡರೆ ಮಕ್ಕಳು ನಗುವರು, ಸಹೋದ್ಯೋಗಿಗಳು ಮರುಗುವರು ಎಂಬ ಅಳುಕು. ತರಗತಿ ನಿಶ್ಶಬ್ದವಾಗಿರಲೆಂದು ಮೊದಲಿಗಿಂತ ಹೆಚ್ಚು ಗದರತೊಡಗಿದೆ.

2014ರಲ್ಲಿ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ಏನೋ ಹೇಳಿದ. ಅಕ್ಕಪಕ್ಕದವರು ಅವನ ಕಡೆ ತಿರುಗಿದರು. ತಮಾಷೆ ಮಾಡಿದನೆಂದು ತಿಳಿದು ನಾನು ಅವನನ್ನು ಗದರಿಸಿ, ಗಂಟೆ ಹೊಡೆಯುವ ತನಕ ಹೊರಗೆ ನಿಲ್ಲಿಸಿದೆ. ಅವನು ಹೇಳಿದ್ದು ಬೇರೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಮಾವ ಕರೆದುಕೊಂಡು ಹೋಗಲು ಗೇಟಿನಲ್ಲಿ ನಿಂತಿದ್ದಾರೆ, ಹೋಗಲೇ ಟೀಚರ್ ಎಂದು. ಇದು ನನಗೆ ಮರುದಿನ ತಿಳಿಯಿತು. ಅವನ ತಾಯಿ ಗುಣವಾಗಿ ಮನೆಗೆ ಬಂದರು, ದೇವರ ದಯೆ. ಆದರೆ ನಾನು ಹುಡುಗನ ಹತ್ತಿರ ತಪ್ಪಾಯಿತು ಎಂದು ಹೇಳಲಿಲ್ಲ. ಹೇಳಿದ್ದರೆ ಕಿವಿಯ ವಿಚಾರವನ್ನೂ ಹೇಳಬೇಕಾಗುತ್ತಿತ್ತು.

ನಿವೃತ್ತಿಯ ನಂತರ ಅದು ಇನ್ನಷ್ಟು ಹೆಚ್ಚಿತು. ದೇವಾಲಯದಲ್ಲಿ ಪ್ರಸಂಗ ಕೇಳಿಸದು. ಎಲ್ಲರೂ ಹಾಡುವಾಗ ತುಟಿ ಆಡಿಸುತ್ತಿದ್ದೆ. ಕ್ರಮೇಣ ಮೊಣಕಾಲು ನೋವೆಂಬ ನೆವ ಹೇಳಿ ಹೋಗುವುದನ್ನೇ ಬಿಟ್ಟೆ. ಹೊರಗಿನವರಿಗೆ ನಾನು ಸತ್ಯವೇದವನ್ನು ಬಲ್ಲ, ಭಾನುವಾರ ಶಾಲೆಯಲ್ಲಿ ಹಲವು ವರ್ಷ ಪಾಠ ಹೇಳಿದ ಟೀಚರ್. ಒಳಗೆ ಪ್ರಾರ್ಥನೆಯೇ ಒಣಗಿತ್ತು. ಕಿವುಡುತನ ನನ್ನ ಮತ್ತು ದೇವರ ನಡುವೆ ಅಡ್ಡ ಬಂದಿದೆ ಎಂದೇ ಭಾವಿಸಿದ್ದೆ. ರಮಾಬಾಯಿಯವರ ಪುಸ್ತಕವನ್ನು ಮುಚ್ಚಿದಾಗ ತಿಳಿಯಿತು, ಅಡ್ಡ ಬಂದದ್ದು ಕಿವಿಯಲ್ಲ, ಅಭಿಮಾನ. ವೈದ್ಯೆಯಾಗುವ ಕನಸನ್ನೇ ಕಿವಿ ಕಸಿದುಕೊಂಡರೂ ಅವರು ಅದನ್ನು ಮುಚ್ಚಿಡಲಿಲ್ಲ. ಬೇರೆ ಕೆಲಸ ಹುಡುಕಿಕೊಂಡರು.

ಎರಡೂ ಕಡೆಯ ಏಟು

ಮತ್ತೆ ಇತಿಹಾಸಕ್ಕೆ ಬರೋಣ. ಆಳವಾದ ವಿಶ್ವಾಸ ದೊರೆತ ಮೇಲೆ ದಾರಿ ಸುಗಮವಾಯಿತೆಂದು ನೀವು ತಿಳಿದರೆ ಅದು ತಪ್ಪು.

ಶಾರದಾ ಸದನದಲ್ಲಿ ಮತಬೋಧೆ ಇಲ್ಲವೆಂಬುದು ಸ್ಥಾಪನೆಯ ನಿಯಮ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. ಇದು 1893ರಲ್ಲಿ ದೊಡ್ಡ ವಿವಾದವಾಯಿತು. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. ಸಲಹಾ ಮಂಡಳಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ, ಡಾ. ಭಂಡಾರ್ಕರ್ ಅವರಂಥ ಹಿತೈಷಿಗಳು ರಾಜೀನಾಮೆ ಕೊಟ್ಟರು. ಪಾಲಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ಈ ವಿವಾದದಲ್ಲಿ ಒಂದೇ ಪಕ್ಷಕ್ಕೆ ನ್ಯಾಯವಿತ್ತೆಂದು ನಾನು ಹೇಳಲಾರೆ. ಮಗಳನ್ನು ನಂಬಿ ಕಳುಹಿಸಿದ ಪಾಲಕರ ಆತಂಕವೂ ನಿಜ, ತನ್ನ ಪ್ರಾರ್ಥನೆಗೆ ಬಾಗಿಲು ಮುಚ್ಚಲಾರೆನೆಂಬ ಅವರ ನಿಲುವೂ ನಿಜ. ಇತಿಹಾಸದ ವಿದ್ಯಾರ್ಥಿಗಳಾದ ನೀವು ಎರಡನ್ನೂ ತೂಗಿ ನೋಡಬೇಕು.

1896–97ರ ಬರದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ಹೋದರು. ಹಸಿದ ಹೆಣ್ಣುಮಕ್ಕಳನ್ನು ಕಂಡಾಗ ಎಲೆ ತಿಂದು ಬದುಕಿದ ತಮ್ಮ ದಿನಗಳು ಕಣ್ಣೆದುರು ಬಂದವು. ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಅಷ್ಟು ಜನರನ್ನು ಅಲ್ಲಿ ಇಡುವಂತಿರಲಿಲ್ಲ. ರೈಲುದಾರಿಯಲ್ಲಿರುವ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಕೊಂಡಿದ್ದ ಸುಮಾರು 100 ಎಕರೆಯ ಬಯಲಿಗೆ ಕರೆದೊಯ್ದರು. ಪ್ಲೇಗ್ ಕಾಲದಲ್ಲಿ ಹೆಂಗಸರನ್ನು ಸರ್ಕಾರಿ ವ್ಯವಸ್ಥೆ ನಡೆಸಿಕೊಂಡ ರೀತಿಯನ್ನು ಖಂಡಿಸಿ ಪತ್ರಿಕೆಗೆ ಬರೆದು ಬ್ರಿಟಿಷ್ ಅಧಿಕಾರಿಗಳ ಅಸಮಾಧಾನಕ್ಕೂ ಪಾತ್ರರಾದರು. ಹೀಗೆ ಸಂಪ್ರದಾಯದವರ ಏಟೂ ಬಿತ್ತು, ಸರ್ಕಾರದ ಏಟೂ ಬಿತ್ತು.

ಕೇಡಗಾಂವಿನ ಆ ನೆಲೆಯೇ 'ಮುಕ್ತಿ'. ಅಮೆರಿಕದವರ ಹತ್ತು ವರ್ಷಗಳ ಭರವಸೆಯ ಅವಧಿಯೂ 1898ರ ಹೊತ್ತಿಗೆ ಮುಗಿಯಿತು. ಬ್ರಿಸ್ಟಲ್ಲಿನಲ್ಲಿ ಯಾರಲ್ಲೂ ಹಣ ಕೇಳದೆ ಪ್ರಾರ್ಥನೆಯೊಂದನ್ನೇ ನೆಚ್ಚಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಅವರ ಚರಿತ್ರೆಯನ್ನು ರಮಾಬಾಯಿ ಓದಿದ್ದರು. ಭಾರತದಲ್ಲಿಯೂ ಹಾಗೆ ನಂಬಿ ನಡೆಯಲು ಸಾಧ್ಯವಿಲ್ಲವೇ ಎಂದು ತಮ್ಮನ್ನು ತಾವೇ ಕೇಳಿಕೊಂಡು, ಹಾಗೆಯೇ ನಡೆದರು. 1900ರ ಬರದ ಹೊತ್ತಿಗೆ ಮುಕ್ತಿಯಲ್ಲಿ ಒಂದೂವರೆ ಸಾವಿರ ಮಂದಿ ಇದ್ದರು. ಬಾವಿ ತೋಡಿದರು, ಬೆಳೆ ಬೆಳೆದರು, ನೇಯ್ದರು, ಎಣ್ಣೆ ತೆಗೆದರು, ಅಚ್ಚುಕೂಟ ನಡೆಸಿದರು. ಕುರುಡಿಯರಿಗೆ ಒಂದು ಮನೆ, ವೃದ್ಧೆಯರಿಗೆ ಒಂದು, ಕೃಪಾ ಸದನವೆಂಬ ಹೆಸರಿನಲ್ಲಿ ಸಮಾಜದಿಂದ ಹೊರದೂಡಲ್ಪಟ್ಟ ಹೆಂಗಸರಿಗೆ ಒಂದು ಮನೆ. ಫುಲ್ಹಾಮಿನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. 1905ರಲ್ಲಿ ಅಲ್ಲಿ ನಡೆದ ಆತ್ಮಿಕ ಉಜ್ಜೀವನದ ಸುದ್ದಿ ಹೊರದೇಶಗಳಿಗೂ ಮುಟ್ಟಿತು.

ಕೊನೆಯ ಪರೀಕ್ಷೆ

ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಸರಳ ಮರಾಠಿಯಲ್ಲಿ ಸತ್ಯವೇದ ಬೇಕೆಂದು ರಮಾಬಾಯಿಯವರಿಗೆ ಅನಿಸಿತು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಕಿವಿ ಇನ್ನಷ್ಟು ಮಂದವಾಗಿತ್ತು, ಕೆಲಸ ಕಣ್ಣಿನದು. ಸುಮಾರು ಹದಿನೆಂಟು ವರ್ಷ ಈ ಕಾರ್ಯ ನಡೆಯಿತು. ಅಕ್ಷರ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. 1912ರಲ್ಲಿ ಆಗ ನಿಜಾಮ ಸಂಸ್ಥಾನದಲ್ಲಿದ್ದ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ಆರಂಭಿಸಿದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಇಳಿದು ಹೋದ ಕುಟುಂಬದ ವಿದ್ಯಾದಾನ ಹೀಗೆ ಇನ್ನೊಂದು ದಾರಿಯಿಂದ ಕನ್ನಡ ನೆಲಕ್ಕೆ ಮರಳಿತು. ತನ್ನ ನಂತರ ಎಲ್ಲವನ್ನೂ ಮಗಳು ನೋಡಿಕೊಳ್ಳುವಳೆಂದು ತಾಯಿ ನಂಬಿದ್ದರು. 1921ರಲ್ಲಿ, ನಲವತ್ತರ ಪ್ರಾಯದಲ್ಲಿ, ಮನೋರಮಾ ತೀರಿಕೊಂಡರು.

ಹಸಿವಿನಿಂದ ಸತ್ತ ತಂದೆತಾಯಿಯನ್ನು ಕಂಡು ಇಪ್ಪತ್ತರ ಹರೆಯದಲ್ಲಿ ನಂಬಿಕೆ ಕಳೆದುಕೊಂಡವರು ಇವರು. ಅರವತ್ತಮೂರನೆಯ ವಯಸ್ಸಿನಲ್ಲಿ ಉಳಿದಿದ್ದ ಒಬ್ಬಳೇ ಮಗಳನ್ನು ಕಳೆದುಕೊಂಡಾಗ ಏನಾಗಬಹುದಿತ್ತು? ಅವರು ಸತ್ಯವೇದದ ಕರಡು ತಿದ್ದುವ ಕೆಲಸಕ್ಕೆ ಮರಳಿದರು. ಅಷ್ಟೇ ನಮಗೆ ಕಾಣುವ ಉತ್ತರ. ಕೆಲಸ ಪೂರ್ಣಗೊಂಡಿತು. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. 1989ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಮುಕ್ತಿಯ ಸಂಸ್ಥೆ ಇಂದಿಗೂ ಕೇಡಗಾಂವಿನಲ್ಲಿದೆ.

ನನ್ನ ಕಥೆಯ ಉಳಿದ ಭಾಗ ಚಿಕ್ಕದು. ಪುಸ್ತಕ ಓದಿದ ಮರುವಾರವೇ ಮಂಗಳೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿ ಯಂತ್ರ ಹಾಕಿಸಿಕೊಂಡೆ. ನಂತರ ಆ ಹುಡುಗನ ಫೋನ್ ನಂಬರ್ ಹುಡುಕಿದೆ. ಈಗ ಅವನು ಹುಡುಗನಲ್ಲ, ಉದ್ಯೋಗದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗ ಅವನ ಮನೆಗೇ ಹೋದೆ. ಅವನು ಮರೆತಿರಬಹುದೆಂದು ಒಂದು ಆಸೆ ನನಗಿತ್ತು. ಮರೆತಿರಲಿಲ್ಲ. 'ನೆನಪಿದೆ ಟೀಚರ್' ಎಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. 'ಕಿವಿ ಕೇಳಿಸುತ್ತಿರಲಿಲ್ಲ ಮಗಾ. ಹೇಳಲು ನಾಚಿಕೆಯಾಗಿತ್ತು. ತಪ್ಪು ನನ್ನದು' ಎಂದೆ. ಅವನ ತಾಯಿ ಒಳಗಿನಿಂದ ಕಾಫಿ ತಂದರು. ಅವರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹೊರಡುವಾಗ ಅವನು ಬೈಕಿನಲ್ಲಿ ಬಸ್‌ಸ್ಟಾಂಡಿನ ತನಕ ಬಿಟ್ಟ. ದಾರಿಯಲ್ಲಿ ಏನೋ ಹೇಳಿದ. ಗಾಳಿಯ ಸದ್ದಿಗೆ ಯಂತ್ರ ಗುಂಯ್‌ಗುಟ್ಟಿ ನನಗೆ ತಿಳಿಯಲಿಲ್ಲ. 'ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು' ಎಂದೆ. ಅಷ್ಟು ವರ್ಷ ನಾನು ತರಗತಿಯಲ್ಲಿ ಹೇಳದೆ ಉಳಿಸಿಕೊಂಡಿದ್ದ ಮಾತು ಅದು.

ಭಾನುವಾರ ಮತ್ತೆ ದೇವಾಲಯಕ್ಕೆ ಹೋಗುತ್ತಿದ್ದೇನೆ. ಪ್ರಸಂಗ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಪರವಾಗಿಲ್ಲ. ಪ್ರಾರ್ಥನೆ ಮತ್ತೆ ಬರುತ್ತಿದೆ.

ಮಾಳ ಘಾಟಿಯಲ್ಲಿ ಹೋಗುವವರು ಗಂಗಾಮೂಲದ ಬಳಿ ಒಂದು ನಿಮಿಷ ಗಾಡಿ ನಿಲ್ಲಿಸಿ. ಜೊತೆಯಲ್ಲಿ ಮಕ್ಕಳಿದ್ದರೆ ಮೂರು ನದಿಗಳ ಹೆಸರು ಹೇಳಿ. ನಾಲ್ಕನೆಯದಾಗಿ ಈ ಹೆಸರನ್ನೂ ಹೇಳಿ. ನಾನು ಬಿಟ್ಟುಬಿಟ್ಟ ಪಾಠವನ್ನು ನೀವು ಪೂರ್ತಿ ಮಾಡಿದರೆ ನನಗೆ ಸಂತೋಷ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಪ್ರೀತಿಯ,
ಟೀಚರ್